ಐವತ್ತೊಂದನೇ ತೂತು

ಸೋಮಾರಿಗಳು ಸುಮ್ಮನೆ ಕೂತಿರುತ್ತಾರೆ ಎಂದು ಎಲ್ಲರೂ ತಿಳಿದಿದ್ದಾರೆ. ಇದು ಶುದ್ಧ ತಪ್ಪು ಎಂದು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ಅಸಲಿ ಸೋಮಾರಿಯಷ್ಟು ಕಷ್ಟಪಡುವವರು ಯಾರೂ ಇಲ್ಲ. ಹತ್ತು ನಿಮಿಷದ ಕೆಲಸದಿಂದ ತಪ್ಪಿಸಿಕೊಳ್ಳಲು ಅವನು ಹತ್ತು ದಿನ ಬೆವರು ಸುರಿಸುತ್ತಾನೆ. ಮಾಡಿದ್ದು ಕೆಟ್ಟರೆ, ಕೆಟ್ಟೇ ಕೆಡುತ್ತದೆ, ಅದನ್ನು ಸರಿಮಾಡಲು ಇನ್ನೂ ಹತ್ತು ದಿನ. ಇಷ್ಟೆಲ್ಲ ಆಗುವಾಗ ಮೊದಲಿನ ಆ ಹತ್ತು ನಿಮಿಷದ ಕೆಲಸ ಎಲ್ಲಿಗೂ ಹೋಗಿರುವುದಿಲ್ಲ, ಇದ್ದಲ್ಲೇ ಇರುತ್ತದೆ. ನಾನು ಈ ಪಂಗಡಕ್ಕೆ ಸೇರಿದವನು. ಇವತ್ತಿಗೂ ಯಾರಾದರೂ ಮನೆಗೆ ಬಂದು ಅಲ್ಯೂಮಿನಿಯಂ ಕೊರೆಯುವುದಕ್ಕೆ ಡ್ರಿಲ್ಲಿಗೆ ಯಾವ ಬಿಟ್ ಹಾಕಬೇಕು ಎಂದು ಕೇಳಿದರೆ ನಾನು ಕನ್ನಡಕ ಸರಿಮಾಡಿಕೊಂಡು, ಗೋಡೆಗೆ ಒರಗಿ, ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಸುಶೀಲೆ ಕೆಮ್ಮುತ್ತಾಳೆ. ಅವಳಿಗೆ ಕೆಮ್ಮಿನ ಕಾಯಿಲೆ ಏನೂ ಇಲ್ಲ.

ಅರವತ್ತರ ದಶಕದ ನಡುಭಾಗದ ಮಾತು ಇದು. ನಾನಾಗ ಸಾಗರದಲ್ಲಿ, ಜೋಗಕ್ಕೆ ಹೋಗುವ ರಸ್ತೆಯ ಮೇಲಿದ್ದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಅಕ್ಕಿ ಗಿರಣಿಯ ಯಂತ್ರ, ಬಸ್ಸಿನ ಮೈ, ನೀರೆತ್ತುವ ಪಂಪು, ಅಣೆಕಟ್ಟೆ ಎದ್ದು ಮುಳುಗಡೆಯ ನೀರು ನಿಂತ ಮೇಲೆ ಹೊಳೆಬಾಗಿಲಿನ ಕಡೆಯಿಂದ ಬರತೊಡಗಿದ ಲಾಂಚಿನ ಬಿಡಿಭಾಗ, ಹೀಗೆ ಕೆಟ್ಟದ್ದೆಲ್ಲ ನಮ್ಮ ಬಾಗಿಲಿಗೆ ಬರುತ್ತಿತ್ತು. ಆ ವರ್ಷ ಮಾಲೀಕರು ಒಂದು ಕರೆಂಟಿನ ಡ್ರಿಲ್ ತರಿಸಿದರು. ಈಗಿನ ಹುಡುಗರು ಒಂದೇ ಕೈಯಲ್ಲಿ ಹಿಡಿದು ಆಡಿಸುವಂಥದ್ದಲ್ಲ ಅದು. ಎರಡು ಕೈಯಲ್ಲಿ ಹಿಡಿದು, ಹಿಂಭಾಗವನ್ನು ಎದೆಗೆ ಒತ್ತಿಕೊಂಡು, ಉಸಿರು ಕಟ್ಟಿ ಸ್ವಿಚ್ಚು ಅದುಮಬೇಕು. ಶುರುವಾದರೆ ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು. ಆಯುಧಪೂಜೆಯ ದಿನ ಅದಕ್ಕೆ ನಾಲ್ಕು ಕಡೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಎಲ್ಲರೂ ಸ್ವಲ್ಪ ದೂರ ನಿಂತು ಕೈಮುಗಿದೆವು. ಅದರ ಜೊತೆ ಒಂದು ಮರದ ಪೆಟ್ಟಿಗೆ ಬಂದಿತ್ತು. ಅದರ ಒಳಗೆ ಸಾಲುಸಾಲಾಗಿ ಬಿಟ್‌ಗಳು, ಅಂದರೆ ಡ್ರಿಲ್ಲಿನ ತುದಿಗೆ ಸಿಕ್ಕಿಸುವ ಕೊರೆಯುವ ಕಡ್ಡಿಗಳು: ಕರಿಯವು, ಬಿಳಿಯವು, ಹೊಂಬಣ್ಣದವು, ಮೂತಿಗೆ ತಿರುಪುಳ್ಳವು, ಮೂತಿ ಚಪ್ಪಟೆಯವು. ಪೆಟ್ಟಿಗೆಯ ಮೇಲೆ ಅಳತೆಗಳೆಲ್ಲ ಅಂಗುಲದ ಭಿನ್ನರಾಶಿಯಲ್ಲಿ ಬರೆದಿದ್ದವು. ನಾವೋ ಆಗಷ್ಟೇ ಮಿಲಿಮೀಟರು ಕಲಿಯಲು ಹೆಣಗುತ್ತಿದ್ದೆವು. ಹಾಗಾಗಿ ಆ ಪೆಟ್ಟಿಗೆ ಯಾರಿಗೂ ಪೂರ್ತಿ ಅರ್ಥವಾಗಿರಲಿಲ್ಲ, ನಮ್ಮ ಹಿರಿಯ ಮೇಸ್ತ್ರಿ ಅಂತೋನಿಯವರನ್ನು ಬಿಟ್ಟು. ಅವರು ಕರಾವಳಿಯ ಕಡೆಯಿಂದ ಘಟ್ಟ ಹತ್ತಿ ಬಂದವರು, ಮಾತು ಕಡಿಮೆ, ಎಲೆಯಡಿಕೆ ಹೆಚ್ಚು. ನಾನು ಅವರನ್ನು ಕೇಳಬಹುದಿತ್ತು. ಆದರೆ ಕೇಳುವುದೂ ಒಂದು ಕೆಲಸವಲ್ಲವೇ?

ಇನ್ನು ಮನೆಯ ಕಡೆ ಬರೋಣ. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಸುಶೀಲೆಯ ತವರು ಹೊಸನಗರದ ಹತ್ತಿರದ ಹಳ್ಳಿ. ಮದುವೆಯಲ್ಲಿ ಅವಳ ಜೊತೆ ಬಂದ ಸಾಮಾನಿನಲ್ಲಿ ಎಲ್ಲಕ್ಕಿಂತ ಭಾರದ್ದು ಶ್ಯಾವಿಗೆ ಒತ್ತುವ ಮಣೆ. ನೋಡದವರಿಗಾಗಿ ಹೇಳುತ್ತೇನೆ: ನಾಲ್ಕು ಕಾಲಿನ ಹಲಸಿನ ಮರದ ಮಣೆ, ನಡುವೆ ಒಂದು ಹಿತ್ತಾಳೆಯ ಕೊಳವೆ, ಕೊಳವೆಯ ತಳದಲ್ಲಿ ತೂತುಗಳಿರುವ ಹಿತ್ತಾಳೆಯ ಬಿಲ್ಲೆ, ಮೇಲೊಂದು ಉದ್ದನೆಯ ಮರದ ಸನ್ನೆ. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಯಿರುವಾಗಲೇ ಕೊಳವೆಗೆ ಹಾಕಿ ಸನ್ನೆ ಒತ್ತಿದರೆ ಕೆಳಗೆ ಎಳೆಎಳೆಯಾಗಿ ಶ್ಯಾವಿಗೆ ಇಳಿಯುತ್ತದೆ. ಆ ಬಿಲ್ಲೆಯನ್ನು ಮಾಡಿದವರು ಸುಶೀಲೆಯ ಅಪ್ಪ. ಆಚಾರಿಯಿಂದ ಬೈರಿಗೆ ಎರವಲು ತಂದು, ಮಳೆಗಾಲದಲ್ಲಿ ಜಗಲಿಯ ಮೇಲೆ ಕೂತು, ಒಂದೊಂದೇ ತೂತನ್ನು ಕೈಯಲ್ಲೇ ಕೊರೆದಿದ್ದರಂತೆ. ಸುತ್ತಿನ ಮೇಲೆ ಸುತ್ತಾಗಿ ಐವತ್ತು ತೂತು, ನಟ್ಟನಡುವೆ ಒಂದು. ಒಟ್ಟು ಐವತ್ತೊಂದು. ಆ ನಡುವಿನ ಒಂದರ ಬಗ್ಗೆ ಸುಶೀಲೆಯ ಅಮ್ಮ ಒಂದು ಮಾತು ಹೇಳುತ್ತಿದ್ದರು. ಐವತ್ತು ಎಳೆ ಮನೆಯವರಿಗೆ, ಮೇಲಿನ ಒಂದು ಹೇಳದೆ ಕೇಳದೆ ಬರುವವರಿಗೆ. ಮದುವೆಮನೆಯಲ್ಲಿ ಮುಯ್ಯಿ ಮಾಡುವಾಗ ನಾವು ಐವತ್ತರ ಮೇಲೆ ಒಂದು ಇಡುವುದಿಲ್ಲವೇ, ಹಾಗೆ. ಮಗಳನ್ನು ಕಳಿಸಿಕೊಡುವ ದಿನ ಆ ಬಿಲ್ಲೆಯನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ ಅವಳ ಮಡಿಲಿಗೇ ಹಾಕಿದ್ದರು. ಮರುವರ್ಷ ಆ ತಾಯಿ ತೀರಿಕೊಂಡರು.

ನನ್ನ ತಕರಾರು ಬಿಲ್ಲೆಯ ಮೇಲಲ್ಲ, ಸನ್ನೆಯ ಮೇಲೆ. ನಾನು ಹುಟ್ಟಿದ್ದು ತೀರ್ಥಹಳ್ಳಿ ತಾಲೂಕಿನ ಅರಳಸುರಳಿಯ ಕಡೆ. ಅಲ್ಲಿ ನಮ್ಮ ಮನೆ ತುಂಬ ಜನ. ಶ್ಯಾವಿಗೆಯ ದಿನ ನನ್ನ ದೊಡ್ಡಪ್ಪನ ಮಗನೊಬ್ಬ ಬಂದು ಸನ್ನೆಯ ಮೇಲೆ ಹೊಟ್ಟೆಯಿಟ್ಟು ಮಲಗಿಬಿಡುತ್ತಿದ್ದ, ಉಂಡೆ ತಾನಾಗಿ ಕೆಳಗಿಳಿಯುತ್ತಿತ್ತು. ನನಗೆ ತಿನ್ನುವ ಕೆಲಸ ಮಾತ್ರ. ಸಾಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಶ್ಯಾವಿಗೆ ಹಿಡಿಯುವವಳು ಅವಳಾದರೆ ಒತ್ತುವವನು ನಾನೇ ತಾನೆ? ನನ್ನ ಮೈಕಟ್ಟು ಆಗ ಒಣಗಿದ ಅಡಿಕೆ ದಬ್ಬೆಯ ಹಾಗಿತ್ತು. ಸನ್ನೆಗೆ ಜೋತುಬಿದ್ದರೆ ಅದು ಇಳಿಯುವ ಬದಲು ನಾನೇ ಮೇಲೆ ನಿಲ್ಲುತ್ತಿದ್ದೆ. ಕಾಲು ನೆಲದಿಂದ ಎರಡು ಗೇಣು ಮೇಲೆ, ಮುಖ ಕೆಂಪು, ಕೆಳಗೆ ಶ್ಯಾವಿಗೆ ಬೇಕೋ ಬೇಡವೋ ಎಂಬಂತೆ ಇಣುಕುತ್ತಿತ್ತು. ಉಂಡೆ ಆರಿದರೆ ಇನ್ನೂ ಗಟ್ಟಿ. ಸುಶೀಲೆ ಒಂದು ದಿನವೂ ನಗಲಿಲ್ಲ. ನಕ್ಕಿದ್ದರೆ ಜಗಳ ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ಅವಳು ತಲೆತಗ್ಗಿಸಿ, ತಟ್ಟೆ ಹಿಡಿದು, ಇನ್ನೊಂಚೂರು, ಇನ್ನೊಂಚೂರು ಎನ್ನುತ್ತಿದ್ದಳು.

ಹೀಗಿರುವಾಗ ಮಾವನವರಿಂದ ಒಂದು ಕಾರ್ಡು ಬಂತು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಒಂದು ದಿನ ಇದ್ದು ಹೋಗುತ್ತೇನೆ ಎಂದು ಎರಡೇ ಸಾಲು. ಅತ್ತೆ ಹೋದ ಮೇಲೆ ಅವರು ಎಲ್ಲಿಗೂ ಹೋಗಿರಲಿಲ್ಲ. ಯಾರ ಮನೆಯ ಊಟಕ್ಕೂ ಕೂತಿರಲಿಲ್ಲ. ಹೆಂಡತಿ ಒತ್ತಿಸುತ್ತಿದ್ದ ಶ್ಯಾವಿಗೆ ಎಂದರೆ ಜೀವ ಬಿಡುತ್ತಿದ್ದವರು ವರ್ಷದಿಂದ ಅದರ ಹೆಸರನ್ನೂ ಎತ್ತಿಲ್ಲ ಎಂದು ಸುಶೀಲೆಯ ಅಣ್ಣ ಹೇಳಿದ್ದ. ಸುಶೀಲೆ ಆ ಕಾರ್ಡನ್ನು ಮೂರು ಸಲ ಓದಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಮ್ಮನ ಬಿಲ್ಲೇಲೇ ಒತ್ತಿ ಅಪ್ಪಯ್ಯಂಗೆ ಬಡಿಸ್ಬೇಕು. ಉಂಡ್ರೆ ನಂಗೆ ಸಮಾಧಾನ." ನಾನು ಆಗಲಿ ಎಂದೆ. ಬಾಯಿ ಆಗಲಿ ಎನ್ನುತ್ತಿರುವಾಗ ತಲೆ ಬೇರೆಯೇ ಲೆಕ್ಕ ಹಾಕುತ್ತಿತ್ತು. ಮಾವ ಗಟ್ಟಿ ಊಟದ ಆಳು. ಎಂದಿನ ನಾಲ್ಕು ಉಂಡೆಯಲ್ಲ, ಹನ್ನೆರಡು ಉಂಡೆ. ಹನ್ನೆರಡು ಸಲ ಅವರ ಕಣ್ಣೆದುರಿಗೆ ನಾನು ಸನ್ನೆಯಲ್ಲಿ ನೇತಾಡಬೇಕು. ಮಗಳನ್ನು ಎಂಥವನಿಗೆ ಕೊಟ್ಟೆ ಎಂದು ಅವರು ಆಗಲಾದರೂ ಯೋಚಿಸದೆ ಇರುತ್ತಾರೆಯೇ?

ತೂತು ಹೆಚ್ಚಾದರೆ ಹಿಟ್ಟು ಸಲೀಸಾಗಿ ಇಳಿಯುತ್ತದೆ, ಒತ್ತುವ ಕಷ್ಟ ಕಡಿಮೆಯಾಗುತ್ತದೆ. ಇದು ನನಗೆ ಹೊಳೆದದ್ದು ಗುರುವಾರ. ಅತ್ತೆಯ ಬಿಲ್ಲೆಯನ್ನು ಮುಟ್ಟುವ ಯೋಚನೆ ನನಗೆ ದೇವರಾಣೆಗೂ ಇರಲಿಲ್ಲ. ಅದೇ ಅಳತೆಯ ಇನ್ನೊಂದು ಬಿಲ್ಲೆ ಮಾಡಿ, ಅದಕ್ಕೆ ಅರವತ್ತೊಂದು ತೂತು ಹಾಕಿ, ಕೊಳವೆಯೊಳಗೆ ಸದ್ದಿಲ್ಲದೆ ಬದಲಾಯಿಸುವುದು. ಮಾವ ಹೋದ ಮೇಲೆ ಹಳೆಯದನ್ನು ಅದರ ಜಾಗದಲ್ಲಿ ಇಡುವುದು. ಉಜ್ಜಿ ಬೆಳಗಿಸಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿ ಬಿಲ್ಲೆಯನ್ನು ವರ್ಕ್‌ಶಾಪಿಗೆ ಒಯ್ದೆ. ಸುಶೀಲೆ ಅದನ್ನು ಅದೇ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಹಿತ್ತಾಳೆಯ ತಗಡು ಸಿಗಲಿಲ್ಲ. ಮೂಲೆಯಲ್ಲಿ ದಪ್ಪನೆಯ ಅಲ್ಯೂಮಿನಿಯಂ ತುಂಡೊಂದು ಬಿದ್ದಿತ್ತು. ಹಗುರ, ಬೆಳ್ಳಗೆ, ನೋಡಲು ಬೆಳ್ಳಿಯ ಹಾಗೆ. ಬೇಕಾದರೆ ತಗೋ ಎಂದರು ಮಾಲೀಕರು. ಅದು ಎಲ್ಲಿಯದು ಎಂದು ಆಮೇಲೆ ಹೇಳುತ್ತೇನೆ. ಆಗ ನಾನೂ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಶುಕ್ರವಾರ ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಗುಂಡಗೆ ಕತ್ತರಿಸಿ, ಅರ ಹಾಕಿ, ಬಿಟ್ಟಿನ ಪೆಟ್ಟಿಗೆ ತೆರೆದೆ.

ಅಲ್ಯೂಮಿನಿಯಂ ಮೆತ್ತಗಿನ ಲೋಹ. ಮೆತ್ತಗಿನದ್ದು ಎಂದರೆ ಮರಕ್ಕೆ ಹತ್ತಿರ. ಹಾಗಾದರೆ ಮರದ ಬಿಟ್ ಸಾಕು. ಇದು ನನ್ನ ಮೊದಲ ತರ್ಕ. ಮೂತಿಗೆ ತಿರುಪಿದ್ದ ಬಿಟ್ಟೊಂದನ್ನು ಹಾಕಿ ಉಳಿಕೆ ತುಂಡಿನ ಮೇಲೆ ಇಟ್ಟು ಸ್ವಿಚ್ಚು ಅದುಮಿದೆ. ತಿರುಪು ಗಬಕ್ಕನೆ ಕಚ್ಚಿಕೊಂಡಿತು, ತುಂಡು ನನ್ನ ಕೈಯಿಂದ ಕಿತ್ತುಕೊಂಡು ಬಿಟ್ಟಿನ ಜೊತೆಗೇ ಗಿರಗಿರನೆ ತಿರುಗಿ, ಅಂಗಿಯ ತೋಳನ್ನು ಸೀಳಿ, ಅಂತೋನಿ ಮೇಸ್ತ್ರಿಯ ಚಹಾದ ಲೋಟಕ್ಕೆ ಬಡಿದು ನಿಂತಿತು. ಮರವಲ್ಲ ಎಂದು ಗೊತ್ತಾಯಿತು. ಲೋಹವೇ ಎಂದಮೇಲೆ ಕಬ್ಬಿಣಕ್ಕೆ ಹಾಕುವ ಬಿಟ್ಟೇ ಸರಿ, ಇದು ಎರಡನೆಯ ತರ್ಕ. ಅಂಗುಲದ ಹದಿನಾರನೇ ಒಂದು ಪಾಲಿನ, ಸೂಜಿಗಿಂತ ಒಂದಿಷ್ಟೇ ದಪ್ಪದ ಕರಿಯ ಬಿಟ್ಟನ್ನು ಆರಿಸಿದೆ. ತುಂಡನ್ನು ಈ ಸಲ ಬೆಂಚಿಗೆ ಕೂರಿಸಿದ್ದ ವೈಸಿನ ದವಡೆಗೆ ಕಚ್ಚಿಸಿದೆ. ಮೊದಲ ತೂತು ಬೆಣ್ಣೆಗೆ ಬೆರಳಿಟ್ಟ ಹಾಗೆ ಇಳಿಯಿತು. ಎರಡನೆಯದಕ್ಕೆ ಬಿಟ್ ಬಿಸಿಯಾಯಿತು. ಮೂರನೆಯದಕ್ಕೆ ನೋಡುತ್ತೇನೆ, ಬಿಟ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ತೋಡೆಲ್ಲ ಅಲ್ಯೂಮಿನಿಯಂ ಕರಗಿ ಮೆತ್ತಿಕೊಂಡು ಅದು ಬಿಟ್ಟೇ ಅಲ್ಲ, ಬೆಳ್ಳಗಿನ ಕಡ್ಡಿ. ಕೊರೆಯುವುದನ್ನು ಬಿಟ್ಟು ಉಜ್ಜುತ್ತಿತ್ತು. ತೂತಿನ ಅಂಚಿಗೆಲ್ಲ ಮುಳ್ಳು ಎದ್ದಿತ್ತು. ಅಂಥ ತೂತಿನಲ್ಲಿ ಶ್ಯಾವಿಗೆ ಇಳಿದರೆ ಮಾವನ ಗಂಟಲಿಗೆ ಬೆಳ್ಳಿಯ ಎಳೆ ಹೋಗುವುದು ಖಂಡಿತ.

ಅದೂ ಅಲ್ಲದೆ ತೂತುಗಳು ಸಾಲಾಗಿ ಬೀಳುತ್ತಿರಲಿಲ್ಲ, ಬಿಟ್ ಜಾರಿ ಅತ್ತಿತ್ತ ಓಡುತ್ತಿತ್ತು. ಆಗ ನನಗೆ ಮೂರನೆಯ ತರ್ಕ ಹೊಳೆಯಿತು. ಈ ಮೂರನೆಯದು ಹೊಳೆಯದೆ ಹೋಗಿದ್ದರೆ ನಾನು ಇಷ್ಟು ಹೊತ್ತು ನಿಮ್ಮೆದುರು ಕೂರುವ ಪ್ರಸಂಗವೇ ಬರುತ್ತಿರಲಿಲ್ಲ. ಅತ್ತೆಯ ಹಿತ್ತಾಳೆ ಬಿಲ್ಲೆಯನ್ನು ಅಲ್ಯೂಮಿನಿಯಂ ಬಿಲ್ಲೆಯ ಮೇಲಿಟ್ಟು, ಎರಡನ್ನೂ ಸೇರಿಸಿ ವೈಸಿಗೆ ಬಿಗಿದು, ಹಳೆಯ ತೂತಿನ ಮೂಲಕವೇ ಬಿಟ್ ಇಳಿಸಿದರೆ? ಹಳೆಯದು ದಾರಿ ತೋರಿಸುತ್ತದೆ, ಬಿಟ್ ಜಾರುವ ಮಾತೇ ಇಲ್ಲ. ಯಾವುದೇ ಕೆಲಸ ನಡುವಿನಿಂದ ಶುರುಮಾಡಬೇಕು ಎಂದು ಯಾರೋ ಹೇಳಿದ್ದು ನೆನಪಿತ್ತು. ನಡುವಿನ ತೂತಿಗೇ ಇಟ್ಟೆ. ಎದೆ ಕೊಟ್ಟು ಒತ್ತಿದೆ. ಡ್ರಿಲ್ ಒಮ್ಮೆ ಗುರ್ರೆಂದು, ಒಮ್ಮೆ ನಡುಗಿ, ಟಕ್ ಎಂದಿತು. ಆಮೇಲೆ ಹಗುರವಾಗಿ ತಿರುಗತೊಡಗಿತು.

ಬಿಟ್ ಮುರಿದಿತ್ತು. ಮುರಿದ ತುದಿ ಹಿತ್ತಾಳೆಯ ಬಿಲ್ಲೆಯ ನಟ್ಟನಡುವೆ, ಐವತ್ತೊಂದನೇ ತೂತಿನಲ್ಲಿ, ಮೊಳೆ ಹೊಡೆದಂತೆ ಕೂತಿತ್ತು. ಅಲ್ಯೂಮಿನಿಯಂ ಬಿಲ್ಲೆಯನ್ನು ಹೇಗೋ ಕಿತ್ತು ತೆಗೆದೆ. ಹಿತ್ತಾಳೆಯಿಂದ ಬಿಟ್ಟನ್ನು ತೆಗೆಯಲಾಗಲಿಲ್ಲ. ಇಕ್ಕಳದಲ್ಲಿ ಎಳೆದೆ, ಪಂಚಿನ ಮೊನೆ ಇಟ್ಟು ಸುತ್ತಿಗೆಯಲ್ಲಿ ಹೊಡೆದೆ, ಎಣ್ಣೆ ಬಿಟ್ಟೆ, ದೇವರಿಗೆ ಹರಕೆ ಹೊತ್ತೆ. ಅಲ್ಲಾಡಲಿಲ್ಲ. ಬಿಲ್ಲೆ ಸುತ್ತಿಕೊಂಡು ಬಂದಿದ್ದ ಬಟ್ಟೆ ಅಲ್ಲೇ ಬೆಂಚಿನ ಮೇಲಿತ್ತು, ಅಂಚಿನಲ್ಲಿ ಅತ್ತೆಯ ಕೈಹೊಲಿಗೆ. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಚಹಾದ ಲೋಟ ಯಾರು ಒಡೆದದ್ದು ಎಂದು ಕೇಳಲು ಬಂದ ಅಂತೋನಿ ಮೇಸ್ತ್ರಿ ನನ್ನ ಮುಖ ನೋಡಿ ಲೋಟವನ್ನು ಮರೆತರು. ನಾನು ಎಲ್ಲ ಹೇಳಿದೆ, ಸನ್ನೆಯಲ್ಲಿ ನೇತಾಡುವುದನ್ನೂ ಸೇರಿಸಿ. ಅವರು ಬಿಲ್ಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಲವಾಗಿ ಹೊಡೆದರೆ ಬಿಟ್ ಹೊರಗೆ ಬರಬಹುದು, ಆದರೆ ಹಳೆಯ ಹಿತ್ತಾಳೆ, ತೂತಿನಿಂದ ತೂತಿಗೆ ಬಿರುಕು ಬಿಟ್ಟರೆ ಬಿಲ್ಲೆಯೇ ಎರಡಾಗುತ್ತದೆ, ಏನು ಮಾಡಲಿ ಎಂದು ಕೇಳಿದರು. ಹೊಡೆಯಬೇಡಿ ಎಂದೆ. ಅವರು ಸಾಣೆಕಲ್ಲಿಗೆ ಹಿಡಿದು ಎರಡೂ ಕಡೆ ಸಮನಾಗಿ ಉಜ್ಜಿಕೊಟ್ಟರು. ಈಗ ಹಿತ್ತಾಳೆಯ ನಡುವೆ ಒಂದು ಉಕ್ಕಿನ ಚುಕ್ಕೆ ಮಾತ್ರ ಉಳಿಯಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ಒಂದು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತಾಡಿದರು.

"ಯಾವ ಬಿಟ್ ಅಂತ ಆಮೇಲೆ ಕೇಳು ಮಾರಾಯ. ಕೊರೆದದ್ದು ಎಲ್ಲಿಂದ ಹೊರಗೆ ಹೋಗ್ತದೆ ಅಂತ ಮೊದಲು ಕೇಳು. ಹಿತ್ತಾಳೆ ರವೆಯ ಹಾಗೆ ಉದುರ್ತದೆ. ಈ ಅಲ್ಯೂಮಿನಿಯಂ ಅಂಟು. ನೀನು ಮೇಲೆ ಒಂದು ಮುಚ್ಚಳ ಬೇರೆ ಬಿಗಿದಿದ್ದಿ, ಅದು ಹೋಗುವುದೆಲ್ಲಿಗೆ? ಹಲಸಿನಹಣ್ಣು ಕೊಯ್ಯುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳದೆ ಕೂರ್ತೀಯಾ ನೀನು?"

ಪೆಟ್ಟಿಗೆಯಿಂದ ಅವರು ಒಂದು ಬಿಟ್ ಆರಿಸಿದರು. ನಾನು ಅದನ್ನು ಮೂರು ಸಲ ಕೈಗೆತ್ತಿ, ಬಡಕಲಾಗಿದೆ ಎಂದು ಮೂರು ಸಲವೂ ಬದಿಗಿಟ್ಟಿದ್ದೆ. ತೋಡು ಅಗಲ, ಮೈ ಕನ್ನಡಿಯ ಹಾಗೆ ನುಣುಪು. ಅದರ ಮೂತಿಯನ್ನು ಸಾಣೆಗೆ ಹಿಡಿದು ಇನ್ನಷ್ಟು ಚೂಪು ಮಾಡಿದರು. ತೂತು ಬೀಳಬೇಕಾದ ಕಡೆಯೆಲ್ಲ ಪಂಚಿನಿಂದ ಒಂದೊಂದು ಗುಳಿ ಹೊಡೆಸಿದರು. ಒಂದು ಕರಟದಲ್ಲಿ ಸೀಮೆಎಣ್ಣೆ ಇಟ್ಟುಕೊಂಡು, ಅದಕ್ಕೆ ಬಿಟ್ ಅದ್ದಿ, ಸ್ವಲ್ಪ ಕೊರೆದು, ಎತ್ತಿ, ಒರೆಸಿ, ಮತ್ತೆ ಅದ್ದಿ. ಎದೆ ಕೊಡಬೇಡ, ಡ್ರಿಲ್ಲಿನ ಭಾರವೇ ಸಾಕು ಎಂದರು. ಅಲ್ಯೂಮಿನಿಯಂ ಸಣ್ಣ ಸಣ್ಣ ಸುರುಳಿಯಾಗಿ ಏಳತೊಡಗಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅರವತ್ತೊಂದು ತೂತು, ಒಂದಕ್ಕೂ ಮುಳ್ಳಿಲ್ಲ, ಒಂದೂ ಸಾಲು ತಪ್ಪಿಲ್ಲ. ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ಸೋಪು ನೀರಿನಲ್ಲಿ ಕುದಿಸಿ ಸೀಮೆಎಣ್ಣೆಯ ವಾಸನೆ ಹೋಗುವವರೆಗೆ ತೊಳೆದೆ.

ಆ ಸಂಜೆ ಎರಡೂ ಬಿಲ್ಲೆಗಳನ್ನು ಸುಶೀಲೆಯ ಎದುರಿಟ್ಟು ನಡೆದದ್ದು ಹೇಳಿದೆ. ಸುಳ್ಳು ಹೇಳಲು ನಾಲ್ಕಾರು ದಾರಿ ಯೋಚಿಸಿಕೊಂಡೇ ಬಂದಿದ್ದೆ, ಬಾಗಿಲಲ್ಲಿ ಅವಳನ್ನು ನೋಡಿದ ಮೇಲೆ ಒಂದೂ ನೆನಪಾಗಲಿಲ್ಲ. ಅವಳು ಹಿತ್ತಾಳೆಯದನ್ನು ಕೈಗೆತ್ತಿಕೊಂಡಳು. ನಡುವಿನ ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ಹೊಸ ಬಿಲ್ಲೆಯ ಗುಣಗಾನ ಶುರುಮಾಡಿದೆ. ತೂತು ಹತ್ತು ಜಾಸ್ತಿ, ಒತ್ತುವುದು ಸಲೀಸು, ತುಕ್ಕು ಹಿಡಿಯುವುದಿಲ್ಲ, ನೋಡು ಹೇಗೆ ಹೊಳೆಯುತ್ತದೆ ಎಂದೆಲ್ಲ ಹೇಳಿದೆ. ಅವಳು ಅದನ್ನು ತಿರುಗಿಸಿ ನೋಡಿದಳು. ಹಿಂಭಾಗದಲ್ಲಿ ಅರ ಹಾಕಿದರೂ ಪೂರ್ತಿ ಹೋಗದ ಉಬ್ಬುಗೆರೆಗಳು ಮಸುಕಾಗಿ ಕಾಣುತ್ತಿದ್ದವು.

"ಎಂಥದಿದು ಗೆರೆ? ಎಲ್ಲಿಂದ ತಂದ್ರಿ ಇದನ್ನ?"

ಅದನ್ನೇ ಆಮೇಲೆ ಹೇಳುತ್ತೇನೆ ಎಂದಿದ್ದೆ. ಹೊಸನಗರಕ್ಕೆ ಹೋಗುವ ಬಸ್ಸೊಂದು ಹಿಂದಿನ ತಿಂಗಳು ರಿಪೇರಿಗೆ ಬಂದಾಗ ಅದರ ಬಾಗಿಲ ಮೆಟ್ಟಿಲಿನಿಂದ ಕಿತ್ತು ಹಾಕಿದ ಹಲಗೆ ಅದು. ಕಾಲು ಜಾರದಿರಲೆಂದು ಅದಕ್ಕೆ ಉಬ್ಬುಗೆರೆ. ನಾನು ಧ್ವನಿ ತಗ್ಗಿಸಿ ಅಷ್ಟನ್ನೂ ಹೇಳಿದೆ. ಸುಶೀಲೆ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ಅಡುಗೆಮನೆಯ ಹೊಸ್ತಿಲಿನಿಂದ ಆಚೆ ಇಟ್ಟು, ಕೈ ತೊಳೆದುಕೊಂಡಳು. ತಾಲೂಕಿಗೆ ತಾಲೂಕೇ ತುಳಿದು ಹತ್ತಿದ ಮೆಟ್ಟಿಲಲ್ಲಿ ತನ್ನ ಅಪ್ಪನಿಗೆ ಶ್ಯಾವಿಗೆ ಮಾಡುವುದೇ ಎಂದು ಅವಳು ಕೇಳಲೂ ಇಲ್ಲ. ಕುದಿಸಿ ತೊಳೆದಿದ್ದೇನೆ ಎಂದು ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ. ಕೈ ಒರೆಸಿಕೊಳ್ಳುತ್ತ ಅವಳು ಹೇಳಿದ್ದು ಇಷ್ಟೇ: "ನಾಳೆ ಅಮ್ಮನ ಬಿಲ್ಲೇಲೇ ಒತ್ತೋದು. ಅಪ್ಪಯ್ಯಂಗೆ ಗೊತ್ತಾಗದು ಬೇಡ."

ಭಾನುವಾರ ಮಾವ ಬಂದರು. ಒಂದು ವರ್ಷದಲ್ಲಿ ಬಹಳ ಇಳಿದುಹೋಗಿದ್ದರು, ಅಂಗಿ ಮೈಮೇಲೆ ನೇತುಹಾಕಿದ ಹಾಗಿತ್ತು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, ಬಸ್ಸು ಎಲ್ಲೆಲ್ಲಿ ನಿಂತಿತು ಎಂದು ಹೇಳಿದರು. ಒಳಗೆ ಉಂಡೆ ಬೇಯುವ ವಾಸನೆ ಬಂದಾಗ ಅವರು ತಲೆಯೆತ್ತಿದ್ದನ್ನು ನಾನು ನೋಡಿದೆ. ಎದ್ದು ಬಂದು ಮಣೆಯ ಹತ್ತಿರ ನಿಂತರು. ನಾನು ಸನ್ನೆಗೆ ಕೈಯಿಡುವ ಮೊದಲೇ, "ಬಿಡಿ ಅಳಿಯಂದ್ರೆ, ನಾ ಒತ್ತೀನಿ. ಇದು ನಂಗೆ ಅಭ್ಯಾಸ" ಎಂದು ಮುಂದೆ ಬಂದರು. ಎರಡು ದಿನದಿಂದ ನಾನು ಯಾವುದಕ್ಕಾಗಿ ಬೆವರು ಸುರಿಸಿದ್ದೆನೋ ಅದು ಹೀಗೆ ಬಿಟ್ಟಿಯಾಗಿ ದಕ್ಕಿತು. ಒತ್ತುವ ಮೊದಲು ಅವರು ಕೊಳವೆಯನ್ನು ಮೇಲೆತ್ತಿ, ಹಳೆಯ ಅಭ್ಯಾಸದಂತೆ ಬಿಲ್ಲೆಗೆ ಎಣ್ಣೆ ಸವರಲು ತಿರುಗಿಸಿದರು. ಅವರ ಬೆರಳು ನಡುವೆ ನಿಂತಿತು.

ಸುಶೀಲೆ ನನ್ನನ್ನು ನೋಡಲಿಲ್ಲ. ನಾನು ನೆಲ ನೋಡಿದೆ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು, ನಾನೇ ಹಾಳುಮಾಡಿದೆ ಮಾವ, ಡ್ರಿಲ್ಲಿನಲ್ಲಿ ಎಂದೆ. ಅವರು ಬಿಲ್ಲೆಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು.

"ನಿಮ್ಮಮ್ಮ ಹೇಳ್ಲಿಲ್ವೇನೆ ಮಗಾ ನಿಂಗೆ? ಐವತ್ತೇ ಮಾಡಕ್ಕೆ ಹೊರಟಿದ್ದು ನಾನು. ಸುತ್ತು ಗೆರೆ ಎಳೆಯಾಕೆ ನಡುವೆ ಮೊಳೆ ಕೂರೋವಷ್ಟು ಒಂದು ಗುಳಿ ಮಾಡನ ಅಂತ ಬೈರಿಗೆ ಇಟ್ಟೆ. ಜಗಲಿ ಮೇಲೆ ಯಾರೋ ಬಂದು ಕೂತ್ರು, ಮಾತಾಡ್ತಾ ಮಾತಾಡ್ತಾ ಆಚೆ ಕಡೆ ಬಂದೇ ಬಿಡ್ತು. ನಮ್ಮಮ್ಮ 'ಹೊಸ ಹಿತ್ತಾಳೆ ಹಾಳುಮಾಡ್ದ' ಅಂತ ಬೈಯಾಕೆ ಶುರು ಮಾಡಿದ್ರೆ, ನಿಮ್ಮಮ್ಮ ಒಳಗಿಂದ ಬಂದು, 'ನಾನೇ ಹೇಳಿದ್ದು ಅತ್ತೆ, ಹೇಳದೆ ಬರೋರಿಗೆ ಒಂದು ಇರ್ಲಿ ಅಂತ' ಅಂದ್ಲು. ಮದುವೆಯಾಗಿ ಮೂರು ತಿಂಗಳಾಗಿತ್ತು ಅಷ್ಟೆ ಅವಳಿಗೆ."

ಅಷ್ಟು ಹೇಳಿ ಅವರು ನಗು ನಿಲ್ಲಿಸಿದರು. ಬಿಲ್ಲೆ ಕೈಯಲ್ಲೇ ಇತ್ತು. ಮೂವತ್ತು ವರ್ಷ ಆ ಮಾತನ್ನು ಅತ್ತೆ ಎಷ್ಟು ಜನರಿಗೆ ಹೇಳಿದ್ದರೋ, ಒಬ್ಬರ ಹತ್ತಿರವೂ ಗಂಡನ ಎಡವಟ್ಟನ್ನು ಬಿಟ್ಟುಕೊಟ್ಟಿರಲಿಲ್ಲ. ಹೆತ್ತ ಮಗಳಿಗೂ ಗೊತ್ತಿರಲಿಲ್ಲ. ನನಗಂತೂ ಹೋದ ಜೀವ ಬಂದಂತಾಗಿತ್ತು. ತೂತು ಹೇಗೂ ತಪ್ಪಿ ಬಿದ್ದದ್ದು, ನಾನು ಅದನ್ನು ಮುಚ್ಚಿ ಸರಿಮಾಡಿದ ಹಾಗಾಯಿತಲ್ಲ ಎಂದು ಮೂರ್ಖನಂತೆ ಹಲ್ಲು ಕಿರಿದೆ. ಯಾರೂ ಜೊತೆಗೆ ನಗಲಿಲ್ಲ. ಸುಶೀಲೆ ಅಪ್ಪನ ಕೈಯಿಂದ ಬಿಲ್ಲೆ ತೆಗೆದುಕೊಂಡು, ತಾನೇ ಎಣ್ಣೆ ಸವರಿ, ಕೊಳವೆಯ ತಳಕ್ಕೆ ಕೂರಿಸಿದಳು. ಬಿಸಿ ಉಂಡೆ ಹಾಕಿದಳು. ಆಮೇಲೆ ಅಪ್ಪನ ಮುಖ ನೋಡದೆ ಹೇಳಿದಳು:

"ಹಂಗೇ ಇರ್ಲಿ ಬಿಡಿ ಅಪ್ಪಯ್ಯ. ಅಮ್ಮ ಬರೋರಿಗೆ ಅಂತ ಒಂದು ತೆರೆದಿಟ್ಲು. ನಾನು ಹೋದವ್ಳಿಗೆ ಅಂತ ಒಂದು ಮುಚ್ಚಿಟ್ಟೀನಿ."

ಮಾವ ಸನ್ನೆಯ ಮೇಲೆ ಕೈಯಿಟ್ಟು, ಮುಖ ಆಚೆ ತಿರುಗಿಸಿ, ಒತ್ತಿದರು. ಶ್ಯಾವಿಗೆ ಇಳಿಯಿತು. ನಡುವೆ ಒಂದೆಳೆಯ ಜಾಗ ಖಾಲಿ ಇತ್ತು, ಹುಡುಕಿ ನೋಡಿದರೆ ಮಾತ್ರ ಕಾಣುವಷ್ಟು. ಆ ದಿನ ಅವರು ಕಾಯಿಹಾಲು ಹಾಕಿಸಿಕೊಂಡು ಮೂರು ಸಲ ಬಡಿಸಿಕೊಂಡರು. ಸುಶೀಲೆ ಬಾಗಿಲ ಹಿಂದೆ ಹೋಗಿ ಕಣ್ಣೊರೆಸಿಕೊಂಡು ಬಂದಳು, ಮತ್ತೆ ಬಡಿಸಿದಳು.

ಇದು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನೆಂಟರಿಷ್ಟರಿರುವ ಮನೆಯಲ್ಲಿ ಯಾವುದೂ ಮನೆಯೊಳಗೆ ಉಳಿಯುವುದಿಲ್ಲ. ಸುಶೀಲೆಯ ಮಾತು ಹೊಸನಗರಕ್ಕೆ ಹೋಯಿತು, ಅಲ್ಲಿಂದ ತೀರ್ಥಹಳ್ಳಿಗೆ. ಬಂದವರೆಲ್ಲ ಬಿಲ್ಲೆಯನ್ನು ಕೇಳಿ ಇಸಿದುಕೊಂಡು ನೋಡಿ, ಆ ಚುಕ್ಕೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೆಲವು ವರ್ಷದ ಮೇಲೆ ಅವಳ ದೂರದ ಸಂಬಂಧಿಯೊಬ್ಬರು ಮಗಳ ಮದುವೆಗೆ ಶ್ಯಾವಿಗೆ ಮಣೆ ಮಾಡಿಸುವಾಗ, ಐವತ್ತೊಂದು ತೂತು ಹಾಕಿಸಿ, ನಡುವಿನದಕ್ಕೆ ಉಕ್ಕಿನ ಮೊಳೆ ಜಡಿಸಿದರಂತೆ. ಮೊದಲಿನಿಂದಲೂ ಬಂದ ಪದ್ಧತಿ ಎಂದು ಅವರು ನನಗೇ ವಿವರಿಸಿದರು. ನಾನು ಶ್ರದ್ಧೆಯಿಂದ ಕೇಳಿದೆ. ಎದುರಿಗೆ ಸುಶೀಲೆ ಕೂತಿದ್ದಳು. ಅವಳು ಡ್ರಿಲ್ಲಿನ ಮಾತನ್ನು ಎತ್ತಲಿಲ್ಲ, ಅವಳ ಅಮ್ಮ ಬೈರಿಗೆಯ ಮಾತನ್ನು ಎತ್ತದ ಹಾಗೆ. ಹೊರಗಿನವರೆದುರು ಕೆಮ್ಮುತ್ತಾಳೆ, ಅಷ್ಟೆ.

ನನ್ನ ಅರವತ್ತೊಂದು ತೂತಿನ ಬಿಲ್ಲೆ ಬಚ್ಚಲುಮನೆಯಲ್ಲಿದೆ. ಸೋಪು ಇಡುವುದಕ್ಕೆ. ನೀರು ನಿಲ್ಲುವುದಿಲ್ಲ, ಸೋಪು ಕರಗುವುದಿಲ್ಲ, ಎಷ್ಟು ಅನುಕೂಲ ಎಂದು ಬಂದವರು ಹೊಗಳುತ್ತಾರೆ. ಅಲ್ಯೂಮಿನಿಯಂ ಕೊರೆಯಲು ಯಾವ ಬಿಟ್ ಎಂದು ಕೇಳುವವರಿಗೆ ನಾನು ಅಂತೋನಿ ಮೇಸ್ತ್ರಿ ಹೇಳಿದ್ದನ್ನೇ ಹೇಳುತ್ತೇನೆ. ತೋಡು ಅಗಲವಿರಲಿ, ಮೂತಿ ಚೂಪಿರಲಿ, ಸೀಮೆಎಣ್ಣೆ ಮರೆಯಬೇಡಿ, ಒತ್ತಬೇಡಿ, ಆಗಾಗ ಎತ್ತಿ ಒರೆಸಿ. ಕೊನೆಗೆ ನನ್ನದೂ ಒಂದು ಸೇರಿಸುತ್ತೇನೆ: ಕೆಳಗಿರುವುದು ಯಾವ ಬಸ್ಸಿನದು, ಮೇಲಿರುವುದು ಯಾರ ಅಮ್ಮನದು ಎಂದು ಮೊದಲೇ ನೋಡಿಕೊಳ್ಳಿ.

ಇವತ್ತೂ ಭಾನುವಾರವೇ. ಉಂಡೆ ಬೆಂದಿದೆ, ಸುಶೀಲೆ ಒಳಗಿನಿಂದ ಎರಡು ಸಲ ಕರೆದಾಯಿತು. ಹೋಗಿ ಸನ್ನೆಗೆ ಜೋತುಬೀಳಬೇಕು. ವಯಸ್ಸಾಯಿತು, ತೂಕ ಮಾತ್ರ ಹೆಚ್ಚಲಿಲ್ಲ. ತೂತು ಜಾಸ್ತಿ ಮಾಡಿ ಕಷ್ಟ ಕಡಿಮೆ ಮಾಡಿಕೊಳ್ಳಲು ಹೊರಟವನು ನಾನು. ಐವತ್ತೊಂದು ಇದ್ದಾಗಲೇ ಅದು ಇಳಿಯುತ್ತಿರಲಿಲ್ಲ. ಈಗ ಇರುವುದು ಐವತ್ತು.